50 ಮೆಗಾಪಿಕ್ಸೆಲ್ ಇಟ್ಟರೆ ಜೂಮ್ ಹೆಚ್ಚುತ್ತದೆಯೇ? 16:9ಕ್ಕೂ ವಿಡಿಯೊಗೂ ಹೋದಾಗ ದೃಶ್ಯ ಕಿರಿದಾಗುವುದೇಕೆ?

ನಿಮ್ಮ ಫೋನಿನ ಕ್ಯಾಮೆರಾದಲ್ಲಿ 12 ಮತ್ತು 50 ಮೆಗಾಪಿಕ್ಸೆಲ್ (ಒಂದು ಮೆಗಾಪಿಕ್ಸೆಲ್ ಎಂದರೆ ಚಿತ್ರದ ಹತ್ತು ಲಕ್ಷ ಚುಕ್ಕಿಗಳು) ಎಂಬ ಎರಡು ಆಯ್ಕೆಗಳಿವೆ, ಯಾವುದನ್ನು ಆರಿಸಿದರೂ ಪರದೆಯ ಮೇಲೆ ದೃಶ್ಯ ಒಂದೇ ತೆರನಾಗಿ ಕಾಣುತ್ತದೆ ಎಂದಿದ್ದೀರಿ. ಆದರೆ ಚಿತ್ರದ ಉದ್ದ-ಅಗಲಗಳ ಅನುಪಾತವಾಗಿ 16:9 ಆರಿಸಿದರೆ ಮೇಲೆ ಕೆಳಗೆ ಜಾಗ ಹೋಗುತ್ತದೆ, ವಿಡಿಯೊಗೆ ಬದಲಿಸಿದರೆ ಎಲ್ಲವೂ ಹತ್ತಿರ ಬಂದುಬಿಡುತ್ತದೆ. ದೂರದ ವಸ್ತುವಿನ ಚಿತ್ರ ತೆಗೆಯಲು ಕೊನೆಗೆ ಯಾವುದನ್ನು ಇಟ್ಟುಕೊಳ್ಳಬೇಕು ಎಂಬುದು ನಿಮ್ಮ ಪ್ರಶ್ನೆ. ನೀವು ಗಮನಿಸಿದ್ದೆಲ್ಲವೂ ಸರಿಯಾಗಿದೆ. ಫೋನ್ ಕೆಟ್ಟಿಲ್ಲ.

ಚಿತ್ರದೊಳಗೆ ಎಷ್ಟು ಅಗಲದ ದೃಶ್ಯ ಬರುತ್ತದೆ ಎಂಬುದನ್ನು ತೀರ್ಮಾನಿಸುವವು ಎರಡೇ: ಲೆನ್ಸಿನ ಸಂಗಮ ದೂರ (ಇದು ಹೆಚ್ಚಿದಷ್ಟೂ ನೋಟ ಕಿರಿದು), ಮತ್ತು ಬೆಳಕನ್ನು ಚಿತ್ರವಾಗಿ ದಾಖಲಿಸುವ ಸೆನ್ಸರಿನ ಎಷ್ಟು ಭಾಗ ಬಳಕೆಯಾಗುತ್ತಿದೆ ಎಂಬುದು. ಮೆಗಾಪಿಕ್ಸೆಲ್ ಸಂಖ್ಯೆಗೆ ಇದರಲ್ಲಿ ಪಾತ್ರವಿಲ್ಲ. ಕಿಟಕಿಗೆ ಹಾಕಿದ ಜಾಲರಿಯನ್ನು ಇನ್ನಷ್ಟು ಸಣ್ಣ ಕಣ್ಣಿನದಾಗಿ ಬದಲಿಸಿದರೆ ಕಿಟಕಿಯೇನೂ ದೊಡ್ಡದಾಗುವುದಿಲ್ಲವಲ್ಲ, ಹಾಗೆ. ಅನೇಕ ಫೋನ್‌ಗಳಲ್ಲಿ 50 ಮೆಗಾಪಿಕ್ಸೆಲ್ ಚಿತ್ರ ಸುಮಾರು 8160×6144 ಚುಕ್ಕಿಗಳದ್ದು, 12ರದ್ದು 4080×3072. ಉದ್ದವೂ ಅಗಲವೂ ಅರ್ಧವಾಗಿವೆ, ಆದರೆ ಎರಡರಲ್ಲೂ ಅದೇ ಮರ, ಅದೇ ಗೋಡೆ, ಅಂಚಿನಲ್ಲಿ ಅದೇ ಕಂಬ.

ಇದಕ್ಕೆ ಅಪವಾದಗಳಿವೆ. ಐಫೋನ್ 11ರ ಮುಂಭಾಗದ ಕ್ಯಾಮೆರಾ 12 ಮೆಗಾಪಿಕ್ಸೆಲ್‌ನದು, ಆದರೆ ಫೋನನ್ನು ನೆಟ್ಟಗೆ ಹಿಡಿದಾಗ ಅದು ಸೆನ್ಸರಿನ ನಡುಭಾಗವನ್ನಷ್ಟೇ ಬಳಸಿ 7 ಮೆಗಾಪಿಕ್ಸೆಲ್ ಚಿತ್ರ ಕೊಡುತ್ತದೆ. ಅಲ್ಲಿ ಚುಕ್ಕಿಗಳು ಕಡಿಮೆಯಾದಂತೆ ದೃಶ್ಯವೂ ಕಿರಿದಾಗುತ್ತದೆ. ಇಂಥ ಸಂದರ್ಭಗಳಲ್ಲಿಯೂ ದೃಶ್ಯವನ್ನು ಕಿರಿದು ಮಾಡಿದ್ದು ಕತ್ತರಿಸುವಿಕೆ, ಸಂಖ್ಯೆ ಅದರ ಫಲ.

16:9ರ ವಿಷಯವೂ ಇದೇ. ಫೋನ್ ಸೆನ್ಸರ್‌ಗಳು ಬಹುಪಾಲು 4:3 ಆಕಾರದವು. 16:9 ಆರಿಸಿದೊಡನೆ ಮೇಲೆ ಕೆಳಗೆ ಸೇರಿ ಚಿತ್ರದ ಕಾಲು ಭಾಗ ಹೋಗುತ್ತದೆ. 12 ಮೆಗಾಪಿಕ್ಸೆಲ್ ಇದ್ದದ್ದು 9ರ ಆಸುಪಾಸಿಗೆ ಇಳಿಯುತ್ತದೆ. ಪರದೆ ತುಂಬಾ ಕಾಣುವ 20:9 ಆದರೆ ಹೋಗುವುದು ಶೇಕಡಾ 40. ಪರದೆ ತುಂಬಿಕೊಂಡಾಗ ಚಿತ್ರ ದೊಡ್ಡದಾಯಿತು ಎಂದು ಕಣ್ಣಿಗೆ ಅನ್ನಿಸುತ್ತದೆ, ನಿಜವಾಗಿ ಚಿಕ್ಕದಾಗಿರುತ್ತದೆ. ಸ್ಥಿರಚಿತ್ರಕ್ಕೆ 4:3 ಬಿಟ್ಟು ಬೇರೆಯದನ್ನು ಇಟ್ಟುಕೊಳ್ಳಲು ನನಗೆ ಯಾವ ಕಾರಣವೂ ಕಾಣುವುದಿಲ್ಲ. ಬೇಕಾದ ಆಕಾರಕ್ಕೆ ಆಮೇಲೆ ಕತ್ತರಿಸಿಕೊಳ್ಳಬಹುದು. ಆಗಲೇ ಬಿಟ್ಟುಬಂದ ಆಕಾಶವನ್ನು ಮರಳಿ ತರುವ ದಾರಿಯಿಲ್ಲ.

ಈಗ ಜೂಮ್. ಒಂದೇ ಲೆನ್ಸಿನಲ್ಲಿ ಮಾಡುವ ಡಿಜಿಟಲ್ ಜೂಮ್ ಎಂದರೆ ನಡುವಿನ ತುಂಡನ್ನು ಕತ್ತರಿಸಿ ಹಿಗ್ಗಿಸುವುದು, ಅಷ್ಟೇ. ಇಲ್ಲಿ ಲೆಕ್ಕ ನಿರ್ದಯವಾದದ್ದು: 2 ಪಟ್ಟು ಜೂಮ್ ಮಾಡಿದರೆ ಉಳಿಯುವುದು ಕಾಲು ಭಾಗದ ಚುಕ್ಕಿಗಳು, 3 ಪಟ್ಟಿಗೆ ಒಂಬತ್ತನೇ ಒಂದು, 10 ಪಟ್ಟಿಗೆ ನೂರನೇ ಒಂದು. 12 ಮೆಗಾಪಿಕ್ಸೆಲ್‌ನಲ್ಲಿ 2 ಪಟ್ಟು ಎಂದರೆ ಕೈಯಲ್ಲಿರುವುದು 3 ಮೆಗಾಪಿಕ್ಸೆಲ್. ಫೋನ್ ಅದನ್ನು ಮತ್ತೆ 12ಕ್ಕೆ ಹಿಗ್ಗಿಸಿ ಉಳಿಸಿಕೊಳ್ಳುವುದರಿಂದ, ಕಡತದ ವಿವರದಲ್ಲಿ 12 ಎಂದು ಇರುವುದನ್ನು ನೋಡಿ ಏನೂ ಕಳೆದುಹೋಗಿಲ್ಲ ಎಂದು ನಂಬಬೇಡಿ.

50 ಮೆಗಾಪಿಕ್ಸೆಲ್ ಉಪಯೋಗಕ್ಕೆ ಬರುವುದು ಇಲ್ಲಿಯೇ. ಅದರ ನಡುವಿನ ಕಾಲು ಭಾಗವೇ 12 ಮೆಗಾಪಿಕ್ಸೆಲ್. ಆದ್ದರಿಂದ 2 ಪಟ್ಟು ಒಳಕ್ಕೆ ಹೋದರೂ ಹಿಗ್ಗಿಸುವ ಅಗತ್ಯ ಬೀಳುವುದಿಲ್ಲ. 2022ರ ಐಫೋನ್ 14 ಪ್ರೊದಲ್ಲಿ 48 ಮೆಗಾಪಿಕ್ಸೆಲ್ ಮುಖ್ಯ ಕ್ಯಾಮೆರಾ ಇತ್ತು. ಅದರಲ್ಲಿದ್ದ 2x ಗುಂಡಿಗೆ ಬೇರೆ ಲೆನ್ಸ್ ಇರಲಿಲ್ಲ, ಸೆನ್ಸರಿನ ನಡುವಿನ 12 ಮೆಗಾಪಿಕ್ಸೆಲ್ ಅನ್ನೇ ಅದು ಬಳಸುತ್ತಿತ್ತು. ಇಂದು ಬಹಳಷ್ಟು ಫೋನ್‌ಗಳ 2x ಹೀಗೆಯೇ ಕೆಲಸ ಮಾಡುತ್ತದೆ. ಅಂದರೆ ನೀವು 12ರ ಆಯ್ಕೆಯಲ್ಲೇ ಇದ್ದು 2x ಒತ್ತಿದಾಗಲೂ ಫೋನ್ ಒಳಗೊಳಗೇ ಪೂರ್ಣ ಸೆನ್ಸರಿನ ಸಣ್ಣ ಚುಕ್ಕಿಗಳನ್ನು ಓದುತ್ತಿರಬಹುದು.

ಇದನ್ನು ‘ನಷ್ಟವಿಲ್ಲದ ಜೂಮ್’ ಎಂದು ಮಾರುವುದು ನನಗೆ ಒಪ್ಪಿಗೆಯಿಲ್ಲ. ನಷ್ಟ ಇದೆ, ಎರಡು ಕಡೆಯಿಂದ ಇದೆ.

ಒಂದು, ಬಣ್ಣದ ಕಡೆಯಿಂದ. ಪ್ರತಿ ಚುಕ್ಕಿಯ ಮೇಲೂ ಕೆಂಪು, ಹಸಿರು ಇಲ್ಲವೇ ನೀಲಿ ಬಣ್ಣದ ಸೋಸುಕ ಇರುತ್ತದೆ. ಹೆಚ್ಚು ಮೆಗಾಪಿಕ್ಸೆಲ್‌ನ ಫೋನ್ ಸೆನ್ಸರ್‌ಗಳಲ್ಲಿ ನಾಲ್ಕು ಚುಕ್ಕಿಗಳ ಒಂದು ಗುಂಪಿಗೆ ಒಂದೇ ಬಣ್ಣ. 2018ರಲ್ಲಿ ಸೋನಿ ಪ್ರಕಟಿಸಿದ ಐಎಂಎಕ್ಸ್586 ಎಂಬ 48 ಮೆಗಾಪಿಕ್ಸೆಲ್ ಸೆನ್ಸರ್ ಇಂಥದ್ದು: ಒಂದೊಂದು ಚುಕ್ಕಿಯ ಅಗಲ 0.8 ಮೈಕ್ರೊಮೀಟರ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಮೈಕ್ರೊಮೀಟರ್), ನಾಲ್ಕು ಕೂಡಿದರೆ 1.6 ಮೈಕ್ರೊಮೀಟರ್ ಅಗಲದ ಒಂದು ಚುಕ್ಕಿಯಂತೆ ವರ್ತಿಸುತ್ತವೆ. 108 ಮೆಗಾಪಿಕ್ಸೆಲ್‌ನ ಹಲವು ಸೆನ್ಸರ್‌ಗಳಲ್ಲಿ ಗುಂಪು ಒಂಬತ್ತರದು, 200ರಲ್ಲಿ ಹದಿನಾರರದು. ಎಲ್ಲವೂ ಕೂಡಿ ಕೊನೆಗೆ ಬರುವುದು ಅದೇ 12 ಮೆಗಾಪಿಕ್ಸೆಲ್ ಸುತ್ತಮುತ್ತ. ಹಾಗಾಗಿ ಪೂರ್ಣ ಆಯ್ಕೆಯಲ್ಲಿ ಬೆಳಕಿನ ಏರಿಳಿತ 50 ಮೆಗಾಪಿಕ್ಸೆಲ್ ಸೂಕ್ಷ್ಮತೆಯಲ್ಲಿ ದಾಖಲಾದರೂ ಬಣ್ಣದ ಮಾಹಿತಿ ಅದಕ್ಕಿಂತ ಒರಟಾಗಿರುತ್ತದೆ, ನಡುವಿನದನ್ನು ಫೋನ್ ಲೆಕ್ಕಹಾಕಿ ತುಂಬುತ್ತದೆ.

ಎರಡನೆಯದು ಬೆಳಕಿನ ಸ್ವಭಾವದಿಂದಲೇ ಬರುವ ಮಿತಿ. ಎಷ್ಟೇ ಒಳ್ಳೆಯ ಲೆನ್ಸ್ ಆದರೂ ಒಂದು ಬಿಂದುವನ್ನು ಬಿಂದುವಾಗಿಯೇ ಮೂಡಿಸಲಾರದು. ವಿವರ್ತನೆಯಿಂದ, ಅಂದರೆ ಕಿಂಡಿ ಹಾದುಬರುವ ಬೆಳಕು ಬಾಗಿ ಹರಡುವುದರಿಂದ, ಅದು ಪುಟ್ಟ ತಟ್ಟೆಯಾಗಿ ಹರಡುತ್ತದೆ. ಎಫ್/1.8 (ಬೆಳಕು ಬರುವ ಕಿಂಡಿ ಎಷ್ಟು ಅಗಲ ಎಂಬುದರ ಸೂಚಕ) ಲೆನ್ಸಿನಲ್ಲಿ ಹಸಿರು ಬೆಳಕಿಗೆ ಈ ತಟ್ಟೆಯ ವ್ಯಾಸ ಸುಮಾರು 2.4 ಮೈಕ್ರೊಮೀಟರ್. 0.8ರ ಮೂರು ಚುಕ್ಕಿಗಳು ಅದರ ಅಡ್ಡಗಲದಲ್ಲಿ ಕೂರುತ್ತವೆ, 0.6 ಆದರೆ ನಾಲ್ಕು. ಮೆಗಾಪಿಕ್ಸೆಲ್ ನಾಲ್ಕು ಪಟ್ಟಾದಾಗ ವಿವರವೂ ನಾಲ್ಕು ಪಟ್ಟಾಗದಿರುವುದಕ್ಕೆ ಇದೇ ಕಾರಣ. ಆದರೂ ಹಗಲು ಬೆಳಕಿನಲ್ಲಿ, ಅಲುಗದ ವಸ್ತುವಿಗೆ, 50 ಮೆಗಾಪಿಕ್ಸೆಲ್‌ನಲ್ಲಿ ನಿಜವಾದ ಲಾಭವಿದೆ: ದೂರದ ಫಲಕದ ಅಕ್ಷರ, ಎಲೆಗಳ ಅಂಚು, ಕಲ್ಲಿನ ಕೆತ್ತನೆ ಎಲ್ಲವೂ ಹೆಚ್ಚು ಬಿಡಿಯಾಗಿ ಕಾಣುತ್ತವೆ. ಮಬ್ಬು ಬೆಳಕಿನಲ್ಲಿ ಈ ಲಾಭ ಕರಗಿ, ಚಿತ್ರದ ತುಂಬ ಕಣಕಣವಾದ ಕಲೆ ಮಾತ್ರ ಉಳಿಯುತ್ತದೆ. ಅಲ್ಲಿ 12ರದ್ದೇ ಒಳ್ಳೆಯ ಚಿತ್ರ, ಅದರಲ್ಲಿ ನನಗೆ ಅನುಮಾನವಿಲ್ಲ.

ಹಾಗಾದರೆ ಮೊದಲೇ ಜೂಮ್ ಮಾಡಬೇಕೋ, ಆಮೇಲೆ ಕತ್ತರಿಸಬೇಕೋ? ಏನನ್ನು ತೋರಿಸಬೇಕು ಎಂಬುದು ಗೊತ್ತಿದ್ದರೆ ಮೊದಲೇ ಜೂಮ್ ಮಾಡಿ. ಫೋಕಸ್ಸೂ ಬೆಳಕಿನ ಅಳತೆಯೂ ಆ ವಸ್ತುವಿಗೆ ಹೊಂದಿಕೊಳ್ಳುತ್ತವೆ. ಜೊತೆಗೆ ಫೋನ್ ಒಂದರ ಹಿಂದೊಂದು ತೆಗೆದ ಹಲವು ಚೌಕಟ್ಟುಗಳನ್ನು ಸೇರಿಸಿ ವಿವರ ಹೆಚ್ಚಿಸಬಲ್ಲದು. ಗೂಗಲ್ 2018ರಲ್ಲಿ ತನ್ನ ಪಿಕ್ಸೆಲ್ 3 ಫೋನಿಗೆ ತಂದ ಜೂಮ್ ತಂತ್ರ ನಮ್ಮ ಕೈಯ ಸಣ್ಣ ನಡುಕವನ್ನೇ ಇದಕ್ಕೆ ಬಳಸಿಕೊಂಡಿತು: ಪ್ರತಿ ಚೌಕಟ್ಟು ಚುಕ್ಕಿಯ ಒಂದಂಶದಷ್ಟು ಪಕ್ಕಕ್ಕೆ ಸರಿದಿರುವುದರಿಂದ, ಒಂದು ಬಿಟ್ಟದ್ದನ್ನು ಇನ್ನೊಂದು ಹಿಡಿದಿರುತ್ತದೆ. ಆಮೇಲೆ ಕತ್ತರಿಸುವಾಗ ಈ ಅವಕಾಶ ಮುಗಿದಿರುತ್ತದೆ, ಆಗಲೇ ಅದುಮಿದ ಜೆಪೆಗ್ ಕಡತದ ಮೇಲೆ ಕೆಲಸ. ಗುರಿ ಎಲ್ಲಿ ಹಾರುತ್ತದೋ ಗೊತ್ತಿಲ್ಲದ ಹಕ್ಕಿಯೋ, ಓಡಾಡುವ ಮಗುವೋ ಆದರೆ ಅಗಲವಾಗಿ ತೆಗೆದು ಕತ್ತರಿಸುವುದೇ ಸರಿ. ಅದಕ್ಕೆ 50 ಮೆಗಾಪಿಕ್ಸೆಲ್ ಬೇಕೆನಿಸಬಹುದು, ಆದರೆ ಅಲ್ಲಿ ಫೋನ್ ನಿಧಾನ, ಗುಂಡಿ ಒತ್ತಿದ ಮೇಲೆ ತಡೆಯುತ್ತದೆ. ಹಲವು ಫೋನ್‌ಗಳು ಆ ಆಯ್ಕೆಯಲ್ಲಿ ರಾತ್ರಿ ವಿಧಾನವನ್ನೂ ಲೆನ್ಸ್ ಬದಲಾವಣೆಯನ್ನೂ ನಿಲ್ಲಿಸಿಬಿಡುತ್ತವೆ. ಚಲಿಸುವುದಕ್ಕೆ 12 ಇರಲಿ.

ನಿಮ್ಮ ಫೋನಿನಲ್ಲಿ ಟೆಲಿಫೋಟೊ ಲೆನ್ಸ್ ಪ್ರತ್ಯೇಕವಾಗಿದ್ದರೆ ಇಷ್ಟೆಲ್ಲ ಲೆಕ್ಕಕ್ಕಿಂತ ಅದೇ ಮೇಲು, ಏಕೆಂದರೆ ಅದು ಕತ್ತರಿಸದೆ ಗಾಜಿನಿಂದಲೇ ನೋಟವನ್ನು ಕಿರಿದುಗೊಳಿಸುತ್ತದೆ. ಆದರೆ ಬೆಳಕು ಸಾಲದಿದ್ದಾಗ ಅಥವಾ ವಸ್ತು ತೀರಾ ಹತ್ತಿರವಿದ್ದಾಗ, 3x ಒತ್ತಿದರೂ ಫೋನ್ ಹೇಳದೆಯೇ ಮುಖ್ಯ ಕ್ಯಾಮೆರಾದ ಚಿತ್ರವನ್ನು ಕತ್ತರಿಸಿ ಕೊಡುವುದುಂಟು. ಪರೀಕ್ಷೆ ಸುಲಭ: 3x ಇಟ್ಟು ಲೆನ್ಸ್‌ಗಳನ್ನು ಒಂದೊಂದಾಗಿ ಬೆರಳಿನಿಂದ ಮುಚ್ಚಿ ನೋಡಿ. ಯಾವುದನ್ನು ಮುಚ್ಚಿದಾಗ ಪರದೆ ಕಪ್ಪಾಗುತ್ತದೋ ಆ ಲೆನ್ಸೇ ಕೆಲಸದಲ್ಲಿದೆ. ಕೆಲವೊಮ್ಮೆ ಮುಚ್ಚಿದ ಕೂಡಲೇ ಕತ್ತಲಾಯಿತೆಂದು ತಿಳಿದು ಫೋನ್ ಬೇರೆ ಲೆನ್ಸಿಗೆ ಜಿಗಿಯುತ್ತದೆ, ಆದ್ದರಿಂದ ಮೊದಲ ಕ್ಷಣವನ್ನೇ ಗಮನಿಸಿ.

ಉಳಿದದ್ದು ವಿಡಿಯೊ. ಮೊದಲನೆಯದಾಗಿ ಅದು 16:9, ಮೇಲೆ ಕೆಳಗಿನ ಜಾಗ ಅಲ್ಲಿಯೇ ಹೋಯಿತು. ನಡುಕ ತಡೆಯುವ ತಂತ್ರಾಂಶಕ್ಕೆ ಚೌಕಟ್ಟನ್ನು ಆಚೀಚೆ ಸರಿಸಿಕೊಳ್ಳಲು ಸುತ್ತಲೂ ಅಂಚು ಬೇಕು, ಅದಕ್ಕಾಗಿ ಇನ್ನಷ್ಟು ಕತ್ತರಿಸುತ್ತದೆ. ನಿಮಗೆ ಎಲ್ಲವೂ ಹತ್ತಿರ ಬಂದಂತೆ ಕಂಡದ್ದು ಬಹುತೇಕ ಇದರಿಂದ. 8ಕೆ ವಿಡಿಯೊ ಆಯ್ಕೆ ಇದ್ದರೆ ಮತ್ತೊಂದು ತೊಡಕು. ಅದರ ಅಗಲ 7680 ಚುಕ್ಕಿ. 12000 ಚುಕ್ಕಿ ಅಗಲದ 108 ಮೆಗಾಪಿಕ್ಸೆಲ್ ಸೆನ್ಸರಿನಿಂದ ಅದನ್ನು ಚುಕ್ಕಿಗೆ ಚುಕ್ಕಿಯಾಗಿ ಓದಿದರೆ ಅಗಲದ ಶೇಕಡಾ 64 ಮಾತ್ರ ಬಳಕೆಯಾಗಿ, 24 ಮಿಲಿಮೀಟರ್‌ಗೆ ಸಮನಾದ ಸಂಗಮ ದೂರದ ಲೆನ್ಸ್ ಸುಮಾರು 37ರದ್ದರಂತೆ ಕಾಣುತ್ತದೆ. ಕೋಣೆಯೊಳಗೆ ಇದು ಉಸಿರುಗಟ್ಟಿಸುವಷ್ಟು ಕಿರಿದು. ನಾನು 4ಕೆಯಲ್ಲೇ (ಅಗಲ 3840 ಚುಕ್ಕಿ) ತೆಗೆಯುತ್ತೇನೆ. ಕೊನೆಯ ವಿಡಿಯೊ 1080ಪಿ (ಅಗಲ 1920 ಚುಕ್ಕಿ) ಸಾಕಾದರೆ 4ಕೆಯಿಂದ 2 ಪಟ್ಟು ಒಳಕ್ಕೆ ಕತ್ತರಿಸಿದರೂ ಒಂದು ಚುಕ್ಕಿಯನ್ನೂ ಹಿಗ್ಗಿಸಬೇಕಾಗುವುದಿಲ್ಲ. ಫೋನನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ತೆಗೆಯುವಾಗ ನಡುಕ ತಡೆಯುವ ಆಯ್ಕೆಯನ್ನು ನಿಲ್ಲಿಸಿಬಿಡಿ, ಅದು ಕಸಿದುಕೊಂಡ ಅಂಚುಗಳು ಮರಳಿ ಸಿಗುತ್ತವೆ.