ಬಿಎ ಓದಲು ಬೆಂಗಳೂರೇ ಏಕೆ ಎಂದ ತಂದೆ

ಪಿಯುಸಿ ಫಲಿತಾಂಶ ಬಂದ ಮೇಲೆ ದಾವಣಗೆರೆಯ ನನ್ನ ಆಪ್ತಸಲಹೆಯ ಕೊಠಡಿಗೆ ಈಚೀಚೆಗೆ ಒಂದೇ ಬಗೆಯ ಕುಟುಂಬಗಳು ಬರತೊಡಗಿವೆ. ಕಲಾ ವಿಭಾಗದಲ್ಲಿ ಮಗು ತೊಂಬತ್ತರ ಮೇಲೆ ಅಂಕ ತೆಗೆದಿರುತ್ತದೆ. ಹಲವು ವಿಷಯಗಳನ್ನು ಬೆರೆಸಿ ಕಲಿಸುವ, ಬೆಂಗಳೂರಿನ ಸಣ್ಣದೊಂದು ಖಾಸಗಿ ಲಿಬರಲ್ ಆರ್ಟ್ಸ್ ಕಾಲೇಜಿನಿಂದ ಪ್ರವೇಶದ ಪತ್ರ ಬಂದಿರುತ್ತದೆ. ಮಗುವಿಗೆ ಆ ಪತ್ರದ ಮೇಲೆಯೇ ಕಣ್ಣು, ಹೆತ್ತವರಿಗೆ ಊರಿನ ಸರ್ಕಾರಿ ಪದವಿ ಕಾಲೇಜಿನ ಮೇಲೆ. ಅಂಥ ಒಂದು ಪ್ರಕರಣವನ್ನು ಗುರುತು ಸಿಗದಂತೆ ವಿವರ ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ.

ಹುಡುಗಿ ಜಗಳೂರು ತಾಲ್ಲೂಕಿನವಳು. ಹತ್ತನೆಯ ತರಗತಿಯವರೆಗೆ ಮಾತ್ರವಲ್ಲ, ಪಿಯುಸಿಯನ್ನೂ ಕನ್ನಡ ಮಾಧ್ಯಮದಲ್ಲೇ ಓದಿದವಳು. ತಂದೆ ಎಪಿಎಂಸಿಯ ಮೆಕ್ಕೆಜೋಳದ ಮಂಡಿಯೊಂದರಲ್ಲಿ ಗುಮಾಸ್ತರು. ಎರಡು ಎಕರೆ ಖುಷ್ಕಿ ಜಮೀನು, ಅವಳ ಕೆಳಗೆ ಇನ್ನೂ ಇಬ್ಬರು ಮಕ್ಕಳು. ಮೊದಲ ಸಲ ಬಂದಾಗ ತಂದೆ ಆಡಿದ್ದು ಒಂದೇ ಮಾತು: ‘ಮೇಡಂ, ಬಿಎ ಓದಲು ಬೆಂಗಳೂರೇ ಏಕೆ? ಬಿಎ ಇಲ್ಲಿ ಇಲ್ಲವೇ?’ ಡಾಕ್ಟರು, ಎಂಜಿನಿಯರು ಆಗುವುದಾದರೆ ಸಾಲ ಮಾಡಿಯಾದರೂ ಕಳುಹಿಸುತ್ತಿದ್ದೆ ಎಂದೂ ಸೇರಿಸಿದರು. ಇದರಲ್ಲಿ ಅವರದೇನೂ ತಪ್ಪಿಲ್ಲ. ಅಂಕ ಕಡಿಮೆ ಬಂದವರು ಹಿಡಿಯುವ ದಾರಿ ಬಿಎ ಎಂದು ನಮ್ಮ ಕಡೆ ವಿದ್ಯಾವಂತರೇ ಹೇಳಿಕೊಂಡು ಬಂದಿದ್ದಾರೆ.

ನಿಜವಾದ ಮಾತುಕತೆ ನಡೆದದ್ದು ಮುಂದಿನ ಭೇಟಿಯಲ್ಲಿ. ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿದ್ದ ಪತ್ರವನ್ನು ಹುಡುಗಿ ಮೇಜಿನ ಮೇಲಿಟ್ಟಳು. ಇಂಥ ಪತ್ರಗಳನ್ನು ನಾನು ಓದಿ ಅರ್ಥ ಹೇಳುವುದಿಲ್ಲ, ಮಗುವಿನಿಂದಲೇ ಓದಿಸಿ ಕನ್ನಡದಲ್ಲಿ ಹೇಳಿಸುತ್ತೇನೆ. ‘ಓದವ್ವಾ, ನಾನೂ ಕೇಳುತ್ತೇನೆ’ ಎಂದು ತಂದೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಪದವಿ ನಾಲ್ಕು ವರ್ಷದ್ದು, ಬೋಧನಾ ಶುಲ್ಕ ವರ್ಷಕ್ಕೆ ಮೂರು ಲಕ್ಷ. ಹಾಸ್ಟೆಲ್, ಊಟ ಸೇರಿ ಒಂದು ಲಕ್ಷದ ನಲವತ್ತು ಸಾವಿರ. ಮೆರಿಟ್ ಸ್ಕಾಲರ್‌ಶಿಪ್ ಎಂದು ಬೋಧನಾ ಶುಲ್ಕದಲ್ಲಿ ಅರ್ಧ ಮಾಫಿ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಈ ರಿಯಾಯಿತಿ ಮೊದಲ ವರ್ಷಕ್ಕೆ, ಮುಂದಿನದು ಪ್ರತಿ ವರ್ಷದ ಗ್ರೇಡ್ ನೋಡಿ ಎಂದಿತ್ತು. ಹುಡುಗಿ ಆ ಸಾಲನ್ನು ಬೇಗ ಓದಿ ಪುಟ ಮಗುಚಲು ಹೋದಳು. ತಂದೆ ಅವಳ ಕೈ ತಡೆದರು.

‘ತಡಿ ತಾಯಿ. ದಲ್ಲಾಳಿ ಮುಂಗಡ ಕೊಡುವಾಗ ಹೀಗೆಯೇ ಬರೆಸುತ್ತಾನೆ. ಈ ಸಲದ ಮಾಲಿಗೆ ಈ ದರ, ಮುಂದಿನ ಸಲದ್ದು ಮಾಲು ನೋಡಿ. ಉಳಿದ ಮೂರು ವರ್ಷಕ್ಕೆ ಏನು ಬರೆದಿದ್ದಾರೆ?’

ಆ ಪ್ರಶ್ನೆಯನ್ನು ನಾನು ಕೇಳಬೇಕೆಂದಿದ್ದೆ. ಅವರೇ ಕೇಳಿದ್ದು ಒಳ್ಳೆಯದಾಯಿತು. ನಾನು ಕೇಳಿದ್ದರೆ ಸಂಸ್ಥೆಯ ಮೇಲಿನ ಅನುಮಾನದಂತೆ ಕಾಣುತ್ತಿತ್ತು.

ಮೂವರೂ ಕುಳಿತು ಲೆಕ್ಕ ಹಾಕಿದೆವು. ರಿಯಾಯಿತಿ ನಾಲ್ಕೂ ವರ್ಷ ಉಳಿದರೆ ಒಟ್ಟು ಹನ್ನೊಂದು ಲಕ್ಷದ ಅರವತ್ತು ಸಾವಿರ. ಎರಡನೆಯ ವರ್ಷಕ್ಕೇ ತಪ್ಪಿದರೆ ಹದಿನಾರು ಲಕ್ಷದ ಮೇಲೆ. ಏಳೂವರೆ ಲಕ್ಷ ದಾಟಿದ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಅಡಮಾನ ಕೇಳುತ್ತವೆ. ಮನೆಯಲ್ಲಿ ಅಡವಿಡಲು ಇದ್ದದ್ದು ಆ ಎರಡು ಎಕರೆ. ಓದು ಮುಗಿಯುವವರೆಗೆ ಕಂತು ಇಲ್ಲ ಎನ್ನುವುದನ್ನು ಎಲ್ಲರೂ ಹೇಳುತ್ತಾರೆ, ಆ ವರ್ಷಗಳ ಬಡ್ಡಿ ಬೆಳೆಯುತ್ತಲೇ ಇರುತ್ತದೆ ಎನ್ನುವುದನ್ನು ಹೇಳುವವರು ಕಡಿಮೆ.

‘ನಾನು ಚೆನ್ನಾಗಿ ಓದುತ್ತೇನಪ್ಪಾ, ಗ್ರೇಡ್ ತೆಗೆಯುತ್ತೇನೆ’ ಎಂದಳು. ಓದುತ್ತಾಳೆ, ಅದರಲ್ಲಿ ನನಗೆ ಸಂಶಯವಿರಲಿಲ್ಲ. ಆದರೆ ಕನ್ನಡ ಮಾಧ್ಯಮದಿಂದ ಹೋದ ಮಗುವಿಗೆ ಅತಿ ಕಷ್ಟದ ವರ್ಷ ಮೊದಲನೆಯದು. ಇಂಗ್ಲಿಷಿನಲ್ಲಿ ಪ್ರತಿ ವಾರ ಪ್ರಬಂಧ ಬರೆಯಬೇಕು, ಚರ್ಚೆಯಲ್ಲಿ ಬಾಯಿ ಬಿಡಬೇಕು. ಎರಡನೆಯ ವರ್ಷದ ರಿಯಾಯಿತಿ ನಿರ್ಧಾರವಾಗುವುದು ಅದೇ ವರ್ಷದ ಅಂಕದ ಮೇಲೆ. ಬಾಲ್ಯದಿಂದ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಸಹಪಾಠಿಗೂ ಇವಳಿಗೂ ನಿಯಮ ಒಂದೇ. ಇದನ್ನು ಹೇಳುತ್ತಿದ್ದಂತೆ ಅವಳ ಮುಖ ಕೆಂಪಾಯಿತು.

‘ಹಾಗಾದರೆ ನನಗೆ ಯೋಗ್ಯತೆ ಇಲ್ಲ ಎನ್ನುತ್ತೀರಾ ಮೇಡಂ?’

ಯೋಗ್ಯತೆ ಇರುವುದಕ್ಕೇ ಕರೆದಿದ್ದಾರೆ, ನಾನು ಕೇಳುತ್ತಿರುವುದು ಎಡವಿದರೆ ಹಿಡಿಯುವವರು ಯಾರು ಎಂದು, ಎಂದೆ. ಅವಳು ಸುಮ್ಮನಾಗಲಿಲ್ಲ. ಸಂದರ್ಶನಕ್ಕೆ ಹೋದ ದಿನ ಮಾದರಿ ತರಗತಿಯೊಂದು ಇತ್ತಂತೆ. ಹದಿನೈದು ಮಕ್ಕಳು ಒಂದೇ ಮೇಜಿನ ಸುತ್ತ. ಬರಗಾಲದ ಬಗ್ಗೆ ಒಂದು ಪುಟ ಓದಲು ಕೊಟ್ಟು, ಅಧ್ಯಾಪಕಿ ಇವಳತ್ತ ತಿರುಗಿ ‘ನಿನಗೆ ಏನನ್ನಿಸುತ್ತದೆ?’ ಎಂದು ಕೇಳಿದರಂತೆ. ಇವಳು ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ಜಗಳೂರಿನ ಟ್ಯಾಂಕರ್ ನೀರಿನ ಸರದಿ ಬಗ್ಗೆ ಹೇಳಿದ್ದನ್ನು ಅವರು ಬರೆದುಕೊಂಡರಂತೆ. ‘ಪಿಯುಸಿಯಲ್ಲಿ ಎರಡು ವರ್ಷ ನೋಟ್ಸ್ ಬರೆದುಕೊಂಡಿದ್ದು ನಾನು. ನಾನು ಹೇಳಿದ್ದನ್ನು ಒಬ್ಬರು ಬರೆದುಕೊಂಡದ್ದು ಅವತ್ತೇ ಮೊದಲು.’

ತಂದೆ ತಲೆ ತಗ್ಗಿಸಿದರು. ಬಿಎ ಇಲ್ಲಿ ಇಲ್ಲವೇ ಎಂಬ ಮಾತನ್ನು ಮತ್ತೆ ಎತ್ತಲಿಲ್ಲ.

ಸಣ್ಣ ಕಾಲೇಜು ಮಾರುವುದು ಇದನ್ನೇ, ಮತ್ತು ಇದು ಸುಳ್ಳು ಸರಕಲ್ಲ. ಅಲ್ಲಿ ಅಧ್ಯಾಪಕರು ವಿದ್ಯಾರ್ಥಿಯನ್ನು ಹುಡುಕಿಕೊಂಡು ಬರುತ್ತಾರೆ. ಸರ್ಕಾರಿ ವ್ಯವಸ್ಥೆಯಲ್ಲಿ ವಿದ್ಯಾರ್ಥಿಯೇ ಅಧ್ಯಾಪಕರನ್ನು ಹುಡುಕಬೇಕು. ಅದರಲ್ಲೂ ನಮ್ಮ ಜನ ವಿಶ್ವವಿದ್ಯಾಲಯಕ್ಕೆ ಸೇರುತ್ತೇವೆ ಎಂದುಕೊಂಡು ನಿಜಕ್ಕೂ ಸೇರುವುದು ಒಂದು ಕಾಲೇಜಿಗೆ. 2009ರಲ್ಲಿ ಸ್ಥಾಪನೆಯಾದ ದಾವಣಗೆರೆ ವಿಶ್ವವಿದ್ಯಾಲಯದ ತೋಳಹುಣಸೆ ಆವರಣ ಮುಖ್ಯವಾಗಿ ಸ್ನಾತಕೋತ್ತರ ವಿದ್ಯಾರ್ಥಿಗಳದ್ದು. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಲ್ಲಿ ಬಿಎ ಓದುವವರು ಅದರ ಸಂಯೋಜಿತ ಕಾಲೇಜುಗಳಲ್ಲಿ ಕೂರುತ್ತಾರೆ. ಪಠ್ಯಕ್ರಮ, ಪರೀಕ್ಷೆ, ಪದವಿ ಪ್ರಮಾಣಪತ್ರ ವಿಶ್ವವಿದ್ಯಾಲಯದ್ದು, ಪಾಠ ಕಾಲೇಜಿನದು. ಅತಿಥಿ ಉಪನ್ಯಾಸಕರ ನೇಮಕ ತಡವಾದರೆ ತರಗತಿಯೂ ತಡ. ಆದ್ದರಿಂದ ‘ಸರ್ಕಾರಿ ಕಾಲೇಜು ಸಾಕು’ ಎಂದು ಸುಲಭವಾಗಿ ಹೇಳುವವರ ಸಾಲಿಗೆ ನನ್ನನ್ನು ಸೇರಿಸಬೇಡಿ.

ಆದರೂ ಅವಳಿಗೆ ಕೊಟ್ಟ ಸಲಹೆ ಹೀಗಿತ್ತು: ಕಾಲೇಜಿಗೆ ಪತ್ರ ಬರೆ. ಅಂಕದ ಬದಲು ಕುಟುಂಬದ ಆದಾಯ ನೋಡಿ ನೆರವು ಕೊಡುವಿರಾ, ಅದನ್ನು ನಾಲ್ಕೂ ವರ್ಷಕ್ಕೆ ಬರೆದು ಕೊಡುವಿರಾ ಎಂದು ಕೇಳು. ಹೌದು ಎಂದರೆ ಹೋಗು, ನಿನ್ನ ತಂದೆಯನ್ನು ನಾನು ಒಪ್ಪಿಸುತ್ತೇನೆ. ಇಲ್ಲ ಎಂದರೆ ಇಲ್ಲಿಯೇ ಸೇರು. ಆದಾಯ ನೋಡಿ ನೆರವು ಕೊಡುವ ಕಡೆಗಳಿಲ್ಲ ಎಂದಲ್ಲ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಕುಟುಂಬದ ಸ್ಥಿತಿ ನೋಡಿಯೇ ನೆರವು ನಿರ್ಧರಿಸುತ್ತಾರೆ. ಅಂಥ ಕಡೆ ಸೀಟು ಸಿಕ್ಕ ಚಳ್ಳಕೆರೆ ಕಡೆಯ ಹುಡುಗನೊಬ್ಬನಿಗೆ ಹಿಂದೆಮುಂದೆ ನೋಡದೆ ಹೊರಡು ಎಂದಿದ್ದೆ.

ಕಾಲೇಜು ಮರ್ಯಾದೆಯ ಉತ್ತರವನ್ನೇ ಕೊಟ್ಟಿತು: ನಿಯಮ ಎಲ್ಲರಿಗೂ ಒಂದೇ. ಅವಳು ದಾವಣಗೆರೆಯ ಸರ್ಕಾರಿ ಪದವಿ ಕಾಲೇಜಿಗೆ ಸೇರಿದಳು. ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕದ ವಿನಾಯಿತಿ, ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್, ಊರಿಗೆ ಹೋಗಿಬರಲು ಶಕ್ತಿ ಯೋಜನೆಯ ಬಸ್ಸು. ಮನೆಯವರ ಕೈಯಿಂದ ಹೋಗುವುದು ಪುಸ್ತಕ, ಪರೀಕ್ಷಾ ಶುಲ್ಕದಂಥ ಖರ್ಚು.

ಈ ಸಲಹೆ ಕೇಳಿ ಉಪನ್ಯಾಸಕ ಮಿತ್ರರೊಬ್ಬರು ‘ನೀವು ಆಪ್ತಸಲಹೆಗಾರರೋ, ಮಂಡಿಯ ಲೆಕ್ಕಿಗರೋ?’ ಎಂದು ಹಂಗಿಸಿದರು. ಉಳ್ಳವರ ಮಕ್ಕಳು ಕನಸು ಕಾಣಲಿ, ಇಲ್ಲದವರ ಮಕ್ಕಳು ಲೆಕ್ಕ ಹಾಕಲಿ ಎಂದಂತಾಯಿತು ಎಂಬುದು ಅವರ ಆಕ್ಷೇಪ. ಅನ್ಯಾಯ ಇರುವುದು ನಿಜ, ಅದನ್ನು ಮಾಡಿದ್ದು ನಾನಲ್ಲ. ಎರಡನೆಯ ವರ್ಷದ ನಡುವೆ ಶುಲ್ಕ ಕಟ್ಟಲಾಗದೆ ಹಾಸ್ಟೆಲ್ ಖಾಲಿ ಮಾಡಿ ಬಂದ ಮಕ್ಕಳು ಕೂರುವುದು ನನ್ನೆದುರಿನ ಅದೇ ಕುರ್ಚಿಯಲ್ಲಿ. ಅವರಿಗೆ ಕಾಲೇಜೂ ಇರುವುದಿಲ್ಲ, ಮೂರು ವರ್ಷದ ಪದವಿಯೂ ಇರುವುದಿಲ್ಲ, ಮನೆಯಲ್ಲಿ ಯಾರೊಂದಿಗೂ ಮಾತಿರುವುದಿಲ್ಲ.

ಇನ್ನೊಂದು ಲೆಕ್ಕವನ್ನೂ ಹೇಳಬೇಕು. ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ 2021ರಲ್ಲಿ ಬಂದ ನಾಲ್ಕು ವರ್ಷದ ಆನರ್ಸ್ ವ್ಯವಸ್ಥೆಯನ್ನು 2024ರಲ್ಲಿ ಕೈಬಿಟ್ಟು ಮೂರು ವರ್ಷಕ್ಕೆ ಮರಳಿದರು. ಖಾಸಗಿ ಕಡೆ ನಾಲ್ಕು ವರ್ಷ ಓದಿ ಒಂದು ವರ್ಷದ ಎಂಎ ಮಾಡಿದರೂ ಐದು, ಇಲ್ಲಿ ಮೂರರ ಮೇಲೆ ಎರಡು ಮಾಡಿದರೂ ಐದು. ಉಳಿಸಿದ ಹಣದಲ್ಲಿ ಎಂಎಗೆ ಒಳ್ಳೆಯ ಜಾಗ ಹುಡುಕಬಹುದು. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆದು ಹೋಗಬಹುದು.

ಗಮನ ಬೇಕೆಂದವಳಿಗೆ ಗಮನ ಎಲ್ಲಿಂದ ತರುವುದು ಎಂಬುದೇ ಉಳಿದ ಪ್ರಶ್ನೆ. ವಾರಕ್ಕೆ ಒಂದು ಪುಟ ಬರೆದು ಒಬ್ಬ ಅಧ್ಯಾಪಕರ ಕೈಗೆ ಕೊಡು, ಓದದಿದ್ದರೆ ಇನ್ನೊಬ್ಬರಿಗೆ ಕೊಡು ಎಂದಿದ್ದೆ. ಇಬ್ಬರು ‘ಪರೀಕ್ಷೆಗೆ ಇದು ಬರುವುದಿಲ್ಲ’ ಎಂದು ಮರಳಿಸಿದರು. ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕಿಯೊಬ್ಬರು ಕೆಂಪು ಪೆನ್ನಿನಲ್ಲಿ ತಿದ್ದಿ, ಅಂಚಿನಲ್ಲಿ ಪ್ರಶ್ನೆ ಬರೆದು ಕೊಡುತ್ತಾರೆ. ಅವರ ನೇಮಕ ಮುಂದಿನ ವರ್ಷ ಮುಂದುವರಿಯುತ್ತದೋ ಇಲ್ಲವೋ. ಹುಡುಗಿಗೆ ನನ್ನ ಮೇಲಿನ ಮುನಿಸು ಪೂರ್ತಿ ಹೋಗಿಲ್ಲ, ಅದನ್ನು ಬಿಡು ಎಂದು ನಾನೂ ಕೇಳಿಲ್ಲ.

ಈ ವರ್ಷ ಇದೇ ಕವಲಿನಲ್ಲಿ ನಿಂತಿರುವವರು ಸೀಟಿನ ಮುಂಗಡ ಕಟ್ಟುವ ಮೊದಲೇ ಆದಾಯ ನೋಡಿ ನೆರವು ಕೇಳುವ ಆ ಪತ್ರ ಬರೆಯಿರಿ, ಉತ್ತರವನ್ನು ಫೋನಿನಲ್ಲಿ ಅಲ್ಲ, ಬರಹದಲ್ಲಿ ತರಿಸಿಕೊಳ್ಳಿ. ಉತ್ತರ ಬರುವವರೆಗೆ ಪದವಿ ಪ್ರವೇಶದ ಸರ್ಕಾರಿ ಜಾಲತಾಣ ಯುಯುಸಿಎಂಎಸ್‌ನಲ್ಲಿ ಸರ್ಕಾರಿ ಕಾಲೇಜಿನ ಅರ್ಜಿಯನ್ನೂ ಹಾಕಿಡಿ. ಮುಂಗಡ ಕಟ್ಟಿಯಾಗಿದ್ದರೆ ಯುಜಿಸಿಯ ಶುಲ್ಕ ಮರುಪಾವತಿ ನಿಯಮದಲ್ಲಿ ಆ ವರ್ಷಕ್ಕೆ ಕೊಟ್ಟಿರುವ ಕೊನೆಯ ದಿನಾಂಕ ನೋಡಿಕೊಳ್ಳಿ.