‘ಜರಾ ಹಟ್ಕೆ ಜರಾ ಬಚ್ಕೆ’ ಸಿನಿಮಾ ಕೂಡುಕುಟುಂಬದ ಗಂಡ ಹೆಂಡತಿ ನೋಡುವ ಹಾಗಿದೆಯಾ?

ಇಂಟರ್ವಲ್‌ವರೆಗೆ ನೋಡಬಹುದು. ಆಮೇಲೆ ನಿಮ್ಮ ಇಷ್ಟ.

ಮದುವೆಯಾಗಿ ಎರಡು ವರ್ಷ, ಅತ್ತೆ ಮಾವನ ಜೊತೆ ಇದ್ದೇವೆ, ಇದು ನಮ್ಮದೇ ಕತೆ ಅಂತ ಯಾರೋ ಹೇಳಿದರು ಎಂದು ಬರೆದಿದ್ದೀರಿ. ನನಗೂ ಹಾಗೇ ಹೇಳಿದ್ದರು. 2023ರ ಜೂನ್ 2ಕ್ಕೆ ಬಿಡುಗಡೆಯಾದಾಗ ಮೊದಲ ವಾರಾಂತ್ಯಕ್ಕೆ ಒಂದು ಟಿಕೆಟ್ ತೆಗೆದರೆ ಇನ್ನೊಂದು ಫ್ರೀ ಎಂಬ ಆಫರ್ ಇತ್ತು. ಸಿನಿಮಾದ ನಾಯಕ ಕಪಿಲ ಮಹಾ ಜುಗ್ಗ. ನಾನೂ ಕಡಿಮೆಯವನಲ್ಲ. ಹೆಂಡತಿಯನ್ನು ಕರೆದುಕೊಂಡು ಕಾಸರಗೋಡಿನ ಕುಂಬಳೆಯಲ್ಲಿ ಮಂಗಳೂರು ಬಸ್ಸು ಹತ್ತಿದೆ. ಹೈವೇ ಅಗಲ ಮಾಡುವ ಕೆಲಸ ನಡೆಯುತ್ತಿತ್ತು. ತಲಪಾಡಿ ದಾಟುವಷ್ಟರಲ್ಲಿ ಅವಳ ಸೀರೆಯ ಬಣ್ಣವೇ ಬೇರೆಯಾಗಿತ್ತು.

ಕತೆ ಇಷ್ಟು. ಇಂದೋರಿನಲ್ಲಿ ಕಪಿಲ, ಸೌಮ್ಯಾ ಅಂತ ಗಂಡ ಹೆಂಡತಿ. ವಿಕ್ಕಿ ಕೌಶಲ್, ಸಾರಾ ಅಲಿ ಖಾನ್. ಮನೆ ತುಂಬ ಜನ. ಇವರ ಕೋಣೆ ಮಾಮಾ ಮಾಮಿಗೆ ಹೋಗಿದೆ, ಇವರಿಗೆ ಹಾಲ್. ಸರ್ಕಾರದ ಯೋಜನೆಯಲ್ಲಿ ಫ್ಲ್ಯಾಟ್ ಸಿಗಬೇಕಾದರೆ ಕುಟುಂಬಕ್ಕೆ ಬೇರೆ ಮನೆ ಇರಬಾರದು. ಹಾಗಾಗಿ ಸೌಮ್ಯಾ ಮನೆಯಿಲ್ಲದವಳು ಅಂತ ತೋರಿಸಲು ಸುಳ್ಳು ವಿಚ್ಛೇದನ.

ಎಂಥಾ ಒಳ್ಳೆಯ ಎಳೆ ಅಲ್ವಾ? ನಮ್ಮ ಕಡೆ ಕೇರಳ ಸರ್ಕಾರದ ವಸತಿ ಯೋಜನೆ ಲೈಫ್ ಮಿಷನ್‌ನ 4 ಲಕ್ಷದ ಮನೆಗೆ ಅರ್ಜಿ ಹಾಕುವಾಗ ರೇಷನ್ ಕಾರ್ಡಿನಲ್ಲಿ ಯಾರ ಯಾರ ಹೆಸರಿದೆ ಅಂತ ನೋಡುತ್ತಾರೆ. ಅದರ ಬಗ್ಗೆ ಊರಲ್ಲಿ ನಡೆಯುವ ಚರ್ಚೆಗಳನ್ನೇ ಬರೆದುಕೊಂಡರೂ ಒಂದು ಸಿನಿಮಾ ಆಗುತ್ತದೆ. ಇನ್ನೊಂದು ವಿಷಯ. ಹಿಂದೂ ವಿವಾಹ ಕಾಯ್ದೆಯಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೂ ಮೊದಲು 1 ವರ್ಷ ಬೇರೆ ಬೇರೆ ಇದ್ದಿರಬೇಕು. ಒಟ್ಟಿಗೆ ಇರಲು ಜಾಗ ಬೇಕು ಅಂತ ಹೊರಟವರು ಅದಕ್ಕಾಗಿ ಒಂದು ವರ್ಷ ದೂರ ಇರುವುದು! ಆ ತಮಾಷೆ ಸಿನಿಮಾ ಮಾಡಿದ ಯಾರಿಗೂ ಬೇಡವಾಯಿತು. ಜಗಳ, ಕಿರುಚಾಟ, ಅಪಾರ್ಥ, ಕಣ್ಣೀರು, ಕೊನೆಗೆ ಕೂಡುಕುಟುಂಬವೇ ದೊಡ್ಡದು ಅಂತ ಪಾಠ.

ನಿರ್ದೇಶಕ ಲಕ್ಷ್ಮಣ್ ಉಟೇಕರ್ 2019ರಲ್ಲಿ ‘ಲುಕಾ ಛುಪ್ಪಿ’ ಮಾಡಿದ್ದರು. ಅದರಲ್ಲಿ ಮದುವೆಯಾಗದವರು ಆದ ಹಾಗೆ ನಟಿಸುತ್ತಾರೆ. ಇದರಲ್ಲಿ ಆದವರು ಬಿಟ್ಟ ಹಾಗೆ ನಟಿಸುತ್ತಾರೆ. ದೋಸೆ ಮಗುಚಿ ಹಾಕಿದ ಹಾಗೆ.

ನನಗೆ ಬೇಜಾರಾದದ್ದು ಆ ಕಿರುಚಾಟದಿಂದಲೇ. ಜನ ತುಂಬಿದ ಮನೆಯಲ್ಲಿ ಗಂಡ ಹೆಂಡತಿ ಕಿರುಚುವುದಿಲ್ಲ. ನಾವೂ ಮದುವೆಯಾದ ಹೊಸದರಲ್ಲಿ ಎಂಟು ತಿಂಗಳು ಚಾವಡಿಯಲ್ಲಿ ಚಾಪೆ ಹಾಸಿ ಮಲಗಿದವರು. ಅಣ್ಣನ ಬಾಣಂತಿ ಹೆಂಡತಿಗೆ ಕೋಣೆ ಕೊಟ್ಟಿದ್ದೆವು. ನಮ್ಮ ಜಗಳಗಳೆಲ್ಲ ಆದದ್ದು ಬಚ್ಚಲ ಒಲೆಯ ಮುಂದೆ. ಅವಳು ಬೆಂಕಿ ಹಾಕಲು ಹೋಗುವುದು, ನಾನು ಉರಿಸಲು ತೆಂಗಿನ ಕೊತ್ತಳಿಗೆ ಹಿಡಿದುಕೊಂಡು ಹಿಂದೆಯೇ ಹೋಗುವುದು. ಹಂಡೆಯ ಹತ್ತಿರ ಕೂತು ಪಿಸುಪಿಸು ಬೈದುಕೊಳ್ಳುವುದು. ಹೊಗೆಗೆ ಇಬ್ಬರ ಕಣ್ಣಲ್ಲೂ ನೀರು. ಅಳುವುದು ಯಾವುದು, ಹೊಗೆ ಯಾವುದು ಅಂತ ನನಗೂ ಗೊತ್ತಾಗುತ್ತಿರಲಿಲ್ಲ. ಒಳಗಿನಿಂದ ಅಮ್ಮ, “ನೀರು ಇನ್ನೂ ಕಾಯಲಿಲ್ವಾ?” ಅಂತ ಕೇಳುತ್ತಿದ್ದರು. ಅಷ್ಟು ಹೊತ್ತಿಗೆ ನೀರು ಕುದಿದು ಅರ್ಧವಾಗಿರುತ್ತಿತ್ತು.

ಸಿನಿಮಾದಲ್ಲಿ ಮೊದಲ ಅರ್ಧ ಗಂಟೆ ಇಂಥದ್ದೇನೋ ಬರುತ್ತದೆ ಅನಿಸುತ್ತದೆ. ಆಮೇಲೆ ಅದರ ಸುದ್ದಿಯೇ ಇಲ್ಲ.

ಹಾಗಂತ ಎಲ್ಲವೂ ಕೆಟ್ಟದ್ದಲ್ಲ. ಸಚಿನ್–ಜಿಗರ್ ಹಾಡುಗಳು ಚೆನ್ನಾಗಿವೆ. ‘ಫಿರ್ ಔರ್ ಕ್ಯಾ ಚಾಹಿಯೇ’ ನನ್ನ ಫೋನಿನಲ್ಲಿ ಈಗಲೂ ಇದೆ. ವಿಕ್ಕಿ ಕೌಶಲ್ ಎರಡು ರೂಪಾಯಿ ಉಳಿಸಲು ಮುಖ ಹುಳ್ಳಗೆ ಮಾಡುವಾಗ ಹೆಂಡತಿ ನನ್ನ ಮೊಣಕೈಗೆ ತಿವಿದಳು. ಸಿನಿಮಾ ದುಡ್ಡೂ ಮಾಡಿತು. ಅದರಲ್ಲಿ ನಮ್ಮದು ಒಂದೇ ಟಿಕೆಟ್‌ನಷ್ಟು.

ವಾಪಸು ಬರುವಾಗ ಬಸ್ಸಿನಲ್ಲಿ ಹೇಗಿತ್ತು ಅಂತ ಕೇಳಿದೆ. “ಫ್ಲ್ಯಾಟ್ ಎಂತಕ್ಕೆ? ಅವರ ಮನೆಯಲ್ಲಿ ಬಚ್ಚಲು ಇರಲಿಲ್ವಾ?” ಅಂದಳು. ಮಂಜೇಶ್ವರ ಬರುವಾಗ ನಿದ್ದೆ ಹೋಗಿದ್ದಳು.

ನೀವು ನೋಡಲೇಬೇಕಾದರೆ ಮನೆಯಲ್ಲೇ ನೋಡಿ. ಬಸ್ಸಿನ ಧೂಳಾದರೂ ತಪ್ಪುತ್ತದೆ.