ಪುಟಾಣಿ ಕಾರಿಗೂ ಮಳೆಗಾಲದ ಕಾಟ

ಪ್ರಶ್ನೆ: ಸರ್, ನಮ್ಮ ಮನೆ ಕಾರವಾರದ ಬೈತಖೋಲ್ ಹತ್ತಿರ, ಸಮುದ್ರಕ್ಕೆ ಅಂಟಿಕೊಂಡೇ ಇದೆ. ನಾಲ್ಕು ವರ್ಷದಿಂದ ಹಾಟ್‌ವೀಲ್ಸ್, ಮ್ಯಾಚ್‌ಬಾಕ್ಸ್ ಕಂಪನಿಗಳ ಆಟಿಕೆ ಕಾರು ಕೂಡಿಡುತ್ತಿದ್ದೇನೆ, ಈಗ 140 ಆಗಿವೆ. ಅರ್ಧಕ್ಕರ್ಧ ಪ್ಯಾಕೆಟ್ ಒಡೆದೇ ಇಲ್ಲ. ಈ ಸಲ ಮಳೆ ನಿಂತ ಮೇಲೆ ಕಪಾಟು ತೆಗೆದರೆ ಎರಡು ಚಕ್ರ ಜೋಡಿಸುವ ಕಡ್ಡಿಗೆ ತುಕ್ಕು, ಪ್ಯಾಕೆಟ್ಟಿನ ರಟ್ಟಿಗೆ ಬೂಷ್ಟು. ‘ದುಡ್ಡಿಗೇ ಬೂಷ್ಟು ಹಿಡೀತು’ ಅಂತ ಅಪ್ಪ ನಗುತ್ತಾರೆ. ಏನು ಮಾಡಲಿ? ಮತ್ತೆ, ಹುಬ್ಬಳ್ಳಿಯಲ್ಲಿ ಹೋದ ವರ್ಷ ಕೊಂಡ ಒಂದು ಹಾಟ್‌ವೀಲ್ಸ್ ತಳದಲ್ಲಿ 1969 ಅಂತ ಇದೆ. ಅದಕ್ಕೆ ಜಾಸ್ತಿ ಬೆಲೆ ಬರುತ್ತಾ?

ಉತ್ತರ: ಅಪ್ಪನ ಮಾತಿಗೆ ನಾನೂ ನಕ್ಕೆ, ಕ್ಷಮಿಸಿ. ನಾನು ಶಿರಸಿಯವನು. ನಮ್ಮಲ್ಲಿ ಸಮುದ್ರ ಇಲ್ಲದಿದ್ದರೂ ಆಷಾಢದಲ್ಲಿ ಚಪ್ಪಲಿ, ಬೆಲ್ಟು, ಹಾಸಿಗೆ ಯಾವುದನ್ನೂ ಬೂಷ್ಟು ಬಿಡುವುದಿಲ್ಲ. ನಿಮಗಂತೂ ಉಪ್ಪುಗಾಳಿ ಬೇರೆ.

ಗಾಬರಿ ಬೇಡ, ಕಾರಿನ ಮೈ ತುಕ್ಕು ಹಿಡಿಯುವುದಿಲ್ಲ. ಜಾತ್ರೆಯಲ್ಲಿ ಸಿಗುತ್ತಿದ್ದ ತಗಡಿನ ಲಾರಿಯಂಥದ್ದಲ್ಲ ಇದು, ಸತುವಿಗೆ ಅಲ್ಯೂಮಿನಿಯಂ ಬೆರೆಸಿ ಕರಗಿಸಿ ಅಚ್ಚಿಗೆ ಒತ್ತಿ ತೆಗೆದದ್ದು. ಚಕ್ರದ ಕಡ್ಡಿ ಮಾತ್ರ ಉಕ್ಕು, ತುಕ್ಕು ಅಲ್ಲೇ. ಒಣ ಬಟ್ಟೆಯಲ್ಲಿ ಒರೆಸಿ, ಹಲ್ಲುಕಡ್ಡಿಯ ತುದಿಯಲ್ಲಿ ಹೊಲಿಗೆ ಮೆಷಿನ್ ಎಣ್ಣೆ ಅದ್ದಿ ಕಡ್ಡಿಗೆ ಮುಟ್ಟಿಸಿ, ಹೆಚ್ಚಾದದ್ದು ಒರೆಸಿಬಿಡಿ. ಬಣ್ಣ ಎದ್ದಿರುವ ಜಾಗದಲ್ಲಿ ಬಿಳಿ ಪುಡಿ ಕಂಡರೆ ಅದು ಸತುವಿನದ್ದು, ಆ ಕಾರನ್ನು ಒಣಗಿದ ಜಾಗದಲ್ಲಿಡಿ.

ಮಳೆ ಶುರುವಾಗುವ ಮೊದಲೇ, ಅಂದರೆ ಮೇ ಬಿಸಿಲಲ್ಲಿ ಮನೆಯವರು ಹಪ್ಪಳ ಒಣಗಿಸಿ ಡಬ್ಬಿ ತುಂಬುವ ಹೊತ್ತಿಗೆ, ನೀವೂ ಕಾರುಗಳನ್ನು ಗಾಳಿ ಆಡದ ಡಬ್ಬಿಗೆ ಹಾಕಿ, ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಡಿ. ಕಾರನ್ನು ಬಿಸಿಲಿಗೆ ಮಾತ್ರ ಒಡ್ಡಬೇಡಿ, ಬಣ್ಣ ಮಾಸುತ್ತದೆ, ಪ್ಲಾಸ್ಟಿಕ್ ಹಳದಿಯಾಗುತ್ತದೆ. ಫ್ಯಾನ್ ಗಾಳಿ ಸಾಕು. ಒದ್ದೆ ರಟ್ಟನ್ನು ಹಾಗೇ ಡಬ್ಬಿಗೆ ತುಂಬಿದರೆ ಬೂಷ್ಟನ್ನು ನೀವೇ ಸಾಕಿದ ಹಾಗೆ.

ಪ್ಯಾಕೆಟ್ ವಿಷಯ. ಒಡೆಯದ್ದಕ್ಕೆ ಬೆಲೆ ಜಾಸ್ತಿ, ನಿಜ. ಆದರೆ ಸಾಮಾನ್ಯ ಕಾರುಗಳು ರಾಶಿಗಟ್ಟಲೆ ತಯಾರಾಗುತ್ತವೆ, ಬೂಷ್ಟು ಹಿಡಿದ ರಟ್ಟನ್ನು ಕೇಳುವವರಿಲ್ಲ. ರಬ್ಬರ್ ಟೈರು, ಮಿರಿಮಿರಿ ಬಣ್ಣದ, ಅಪರೂಪಕ್ಕೆ ಸಿಗುವ ಹಾಟ್‌ವೀಲ್ಸ್ ‘ಸೂಪರ್ ಟ್ರೆಷರ್ ಹಂಟ್’ ಕಾರು ಸಿಕ್ಕಿದ್ದರೆ ಹಾಗೇ ಇಡಿ, ಉಳಿದವನ್ನು ಒಡೆಯಿರಿ ಮಾರಾಯ್ರೇ! 1953ರಲ್ಲಿ ಮ್ಯಾಚ್‌ಬಾಕ್ಸ್ ಶುರುವಾದಾಗ ಬೆಂಕಿಪೊಟ್ಟಣದಂಥ ರಟ್ಟಿನ ಡಬ್ಬಿಯಲ್ಲೇ ಮಾರುತ್ತಿದ್ದರು, ಮಕ್ಕಳು ತೆಗೆದು ಆಡುತ್ತಿದ್ದರು.

ಇನ್ನು 1969. ಅದು ಆ ವಿನ್ಯಾಸದ ಹಕ್ಕಿನ (ಕಾಪಿರೈಟ್) ವರ್ಷ, ಕಾರು ತಯಾರಾದ ವರ್ಷ ಅಲ್ಲ. ಹಳೇ ವಿನ್ಯಾಸವನ್ನೇ ಹೊಸ ಹೊಸ ಬಣ್ಣದಲ್ಲಿ ಮತ್ತೆ ಮತ್ತೆ ಬಿಡುತ್ತಾರೆ. 1968ರಿಂದ 1977ರವರೆಗಿನ ಹಾಟ್‌ವೀಲ್ಸ್ ಚಕ್ರಕ್ಕೆ ಕೆಂಪು ಗೆರೆ ಇರುತ್ತಿತ್ತು, ಈಗಲೂ ಕೆಲವಕ್ಕೆ ಹಾಕುತ್ತಾರೆ, ಹಾಗಾಗಿ ಅದೊಂದನ್ನೇ ನಂಬಬೇಡಿ. ಅಂಗಡಿಯಲ್ಲಿ ಹೋದ ವರ್ಷ ಹೊಸದಾಗಿ ಸಿಕ್ಕಿದ್ದು ಅಂದರೆ ನಿಮ್ಮದು ಹೊಸದೇ. ಎಣ್ಣೆ ಹಾಕಿ, ಟೇಬಲ್ ಮೇಲೆ ಓಡಿಸಿ.